ಕಯದೊಳಗಿನ ಕೆಂಪು ಪಂಪು

ಕಾರಡ್ಕದ ಮಹಾಬಲನ ಹೆಸರಿಗೆ ಊರಿನವರು ‘ಮುಳುಗು’ ಎಂಬ ಮಾತೊಂದನ್ನು ಸೇರಿಸಿದ್ದರು. ಮುಳುಗು ಮಹಾಬಲ ಎಂದರೆ ಮುಳ್ಳೇರಿಯಾದಿಂದ ಅಡೂರಿನವರೆಗೆ ಬೇರೆ ವಿಳಾಸ ಬೇಕಿರಲಿಲ್ಲ. ಅವನ ಅಪ್ಪ ಕುಂಞ ಎಂಬವರು ಬಾವಿಗಳ ಕೆಸರು ತೆಗೆಯುವ ಕೆಲಸದವರು. ಎಳವೆಯಿಂದಲೇ ಅಪ್ಪನ ಜೊತೆ ಮನೆ ಮನೆ ತಿರುಗಿದ ಮಹಾಬಲ ಬಾವಿಗೆ ಬಿದ್ದ ಕೊಡಪಾನ, ಕತ್ತಿ, ಒಮ್ಮೆ ಯಾವುದೋ ಮದುಮಗಳ ಕಾಲುಂಗುರ, ಎಲ್ಲವನ್ನೂ ಉಸಿರು ಕಟ್ಟಿ ಮುಳುಗಿ ಮೇಲೆ ತಂದುಕೊಟ್ಟವನು.

2001ರಲ್ಲಿ ಕಟ್ಟಡದ ಕೆಲಸಕ್ಕೆಂದು ಮಸ್ಕತ್ತಿಗೆ ಹೋದ. ಅಲ್ಲಿ ಒಂದು ವರ್ಷ ಸಿಮೆಂಟು ಹೊತ್ತ ಮೇಲೆ, ಪ್ರವಾಸಿಗಳನ್ನು ಕಡಲಿಗೆ ಕರೆದೊಯ್ದು ಮುಳುಗಿಸಿ ತೋರಿಸುವ ಒಬ್ಬರ ದೋಣಿ ತೊಳೆಯುವ ಕೆಲಸ ಸಿಕ್ಕಿತು. ಆ ದೋಣಿಯ ಮೇಸ್ತ್ರಿ ರಮೋನ್ ಎಂಬ ಫಿಲಿಪೀನ್ಸಿನವನು. ಇವನ ಉಸಿರಿನ ತಾಕತ್ತು ನೋಡಿ ಅವನೇ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಕಲಿಸಿದ. ಪ್ರವಾಸಿಗಳು ಹವಳದ ನಡುವೆ ಈಜುವುದನ್ನು ವಿಡಿಯೋ ತೆಗೆಯುವ ಕೆಲಸವೂ ಕೊನೆಗೆ ಮಹಾಬಲನ ಪಾಲಿಗೇ ಬಂತು.

ಒಂಬತ್ತು ವರ್ಷ ಕಳೆದು ಊರಿಗೆ ಮರಳಿದಾಗ ಅವನ ಪೆಟ್ಟಿಗೆಯಲ್ಲಿ ಅತ್ತರು, ಕಂಬಳಿಗಳ ಜೊತೆ ಬಾಯಿಗೆ ಕಚ್ಚಿಕೊಳ್ಳುವ ಗಾಳಿಯ ಕೊಳವೆ, ಕನ್ನಡಕ, ಮತ್ತು ದಪ್ಪ ಪ್ಲಾಸ್ಟಿಕ್ಕಿನ ನೀರು ನುಗ್ಗದ ಡಬ್ಬಿಯೊಳಗೆ ಕೂರುವ ಒಂದು ಹಳೆಯ ಟೇಪಿನ ಕ್ಯಾಮೆರಾ ಇದ್ದವು. ನನಗೆ ಅವನ ಪರಿಚಯವಾದದ್ದು ಆ ಕ್ಯಾಮೆರಾದಿಂದ. ಮುಳ್ಳೇರಿಯಾದಲ್ಲಿ ಮದುವೆ, ಗೃಹಪ್ರವೇಶಗಳ ವಿಡಿಯೋ ಮಾಡುವ ಸ್ಟುಡಿಯೋ ನನ್ನದು. ಟೇಪಿನಲ್ಲಿದ್ದುದನ್ನು ಸಿಡಿಗೆ ಹಾಕಿಸಲು ಅವನು ನನ್ನಲ್ಲಿಗೆ ಬಂದಿದ್ದ.

“ಭಟ್ರೇ, ಇದರಲ್ಲಿ ಎಲ್ಲ ಹಸಿರು ಹಸಿರು ಬರ್ತದೆ. ಸ್ವಲ್ಪ ಸರಿ ಮಾಡ್ಲಿಕ್ಕೆ ಆಗ್ತದಾ?” ಎಂದು ಕೇಳಿದ.

ನಾನು ಕಂಪ್ಯೂಟರಿನಲ್ಲಿ ಹಸಿರನ್ನು ಇಳಿಸಿ ಕೆಂಪನ್ನು ಏರಿಸಿ ನೋಡಿದೆ. ಚಿತ್ರ ಮಸುಕು ನೇರಳೆಯಾಯಿತೇ ಹೊರತು ಸರಿಯಾಗಲಿಲ್ಲ. “ಇರಲಿ ಬಿಡಿ, ಮೀನು ಕಾಣ್ತದಲ್ಲ” ಎಂದು ಅವನೇ ಸಮಾಧಾನ ಹೇಳಿದ.

ಬೇಗನೆ ಅವನಿಗೆ ಊರಿನಲ್ಲಿ ಬೇರೆಯದೇ ಗೌರವ ಬಂತು. ಚೆಕ್‌ಡ್ಯಾಮಿನ ಬುಡ ಕೊರೆದಿದೆಯೇ ಎಂದು ನೋಡಲು, ದೇವಸ್ಥಾನದ ಕೆರೆಯ ಒಳಮೆಟ್ಟಿಲು ಸರಿದಿದೆಯೇ ಎಂದು ನೋಡಲು ಅವನನ್ನು ಕರೆಯುತ್ತಿದ್ದರು. ಮೊದಲೆಲ್ಲ ‘ಏ ಮಹಾಬಲ’ ಎಂದು ಕರೆದು ಅಂಗಳದ ಮೂಲೆಯಲ್ಲಿ ಗಂಜಿ ಬಡಿಸುತ್ತಿದ್ದ ಮನೆಗಳಲ್ಲಿ ಈಗ ಜಗಲಿಯ ಮೇಲೆ ಕುರ್ಚಿ ಹಾಕುತ್ತಿದ್ದರು. ಅವನು ಮುಳುಗಿ ಎದ್ದು ಹೇಳಿದ ಮಾತಿಗೆ ಎದುರು ಮಾತಿರಲಿಲ್ಲ. ಅವನು ನೋಡಿ ಬಂದದ್ದನ್ನು ನೋಡಬಲ್ಲವರು ಬೇರೆ ಯಾರೂ ಇರಲಿಲ್ಲವಲ್ಲ.

ಅಡೂರಿನ ಸಂಗತಿ ನಡೆದದ್ದು 2012ರ ಮಳೆಗಾಲದಲ್ಲಿ. ಹೊಳೆಯ ಬದಿಯ ಅರುವತ್ತು ಮನೆಗಳಿಗೆ ನೀರು ಕೊಡುವ ಒಂದು ಯೋಜನೆ ಅಲ್ಲಿತ್ತು. ದಿನಕ್ಕೆರಡು ಸಲ ಪಂಪು ಹಾಕಿ ಟ್ಯಾಂಕು ತುಂಬಿಸುವ ಕೆಲಸ ಪ್ರೇಮಾವತಿ ಎಂಬ ಹೆಂಗಸಿನದು. ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಕರೆಂಟು ಹೋದರೆ ಬೇಕಾಗುತ್ತದೆಂದು ಹೊಳೆಯ ದರೆಯ, ಎಂದರೆ ಎತ್ತರದ ದಂಡೆಯ, ಮೇಲೆ ಶೀಟಿನ ಶೆಡ್ಡೊಂದರಲ್ಲಿ ಡೀಸೆಲ್ ಪಂಪು ಇಟ್ಟಿದ್ದರು. ಹೊಸತು, ಕಡುಕೆಂಪು ಬಣ್ಣದ್ದು. ಜುಲೈಯ ಒಂದು ಬೆಳಿಗ್ಗೆ ಪ್ರೇಮಾವತಿ ಹೋಗಿ ನೋಡುವಾಗ ದರೆ ಕುಸಿದು ಶೆಡ್ಡು ಅರ್ಧ ಹೊಳೆಗೆ ಜಾರಿತ್ತು. ಪಂಪು ಇರಲಿಲ್ಲ.

ಅವಳು ಓಡಿಹೋಗಿ ನೀರಿನ ಸಮಿತಿಯ ಅಧ್ಯಕ್ಷ ಈಶ್ವರಪ್ರಸಾದರಿಗೆ ಹೇಳಿದಳು. ಅವರು ಅಡಿಕೆ ಕೃಷಿಕರು, ಒಳ್ಳೆಯವರೇ, ಆದರೆ ಸಾರ್ವಜನಿಕ ಸೊತ್ತಿನ ವಿಷಯದಲ್ಲಿ ಬಹಳ ಬಿಗಿ. ಮಳೆ ಬಿಟ್ಟ ಮೇಲೆ ಹಗ್ಗಕ್ಕೆ ಕೊಕ್ಕೆ ಕಟ್ಟಿ ಎಳೆಸಿದರು. ಬಂದದ್ದು ಬಿದಿರಿನ ಬುಡ, ಶೆಡ್ಡಿನ ಎರಡು ಶೀಟು. ಅಷ್ಟರಲ್ಲಿ ಯಾರೋ ಒಬ್ಬರು, ಶೀಟು ಸಿಕ್ಕಿತು, ಅಷ್ಟು ಭಾರದ ಪಂಪು ಮಾತ್ರ ಎಲ್ಲಿಗೆ ತೇಲಿಹೋಯಿತು ಎಂದು ಕೇಳಿದರು. ಪ್ರೇಮಾವತಿಯ ತಮ್ಮ ವಿನೀತನದು ಪಿಕಪ್ ಜೀಪಿನ ಕೆಲಸ. ದರೆ ಕುಸಿದ ಮರುದಿನ ಅವನ ಪಿಕಪ್ ಸುಳ್ಯದ ದಾರಿಯಲ್ಲಿ ಹೋದದ್ದನ್ನು ಕಂಡವರಿದ್ದರು. ಅವನು ದಿನಾಲೂ ಹೋಗುವ ದಾರಿ ಅದು. ಆದರೂ ಈಗ ಆ ಮಾತಿಗೆ ಬೇರೆ ಅರ್ಥ ಬಂತು.

“ಹೊಳೆಯಲ್ಲೇ ಉಂಟು. ಶೆಡ್ಡಿನ ನೇರ ಕೆಳಗೆ, ಆ ಕಯದಲ್ಲಿ” ಎಂದು ಪ್ರೇಮಾವತಿ ಹೇಳುತ್ತಲೇ ಇದ್ದಳು. ಕಯವೆಂದರೆ ಹೊಳೆಯ ನಡುವಿನ ಆಳದ ಮಡು. ಅಲ್ಲಿ ನಾಲ್ಕಾಳು ನೀರು. “ಮಹಾಬಲಣ್ಣನನ್ನು ಕರೆಸಿ ನೋಡಿಸಿ” ಎಂದವಳೂ ಅವಳೇ.

ಡಿಸೆಂಬರಿನಲ್ಲಿ ನೀರು ತಿಳಿಯಾದ ಮೇಲೆ ಮಹಾಬಲ ಇಳಿದ. ಸಿಲಿಂಡರಿಗೆ ಗಾಳಿ ತುಂಬಿಸಲು ಆಗ ಮುರುಡೇಶ್ವರದವರೆಗೆ ಹೋಗಬೇಕಿತ್ತು; ಮೀನಿನ ಲಾರಿಯವರ ಪರಿಚಯ ಹಿಡಿದು ಒಂದು ಸಿಲಿಂಡರು ತುಂಬಿಸಿ ತಂದಿದ್ದ. ಹೊಳೆಯ ಬದಿಯಲ್ಲಿ ಮಕ್ಕಳು ಮುದುಕರೆಂದು ನೂರು ಜನ ಸೇರಿದ್ದರು. ಅರ್ಧ ಗಂಟೆ ಗುಳ್ಳೆಗಳು ಅತ್ತಿತ್ತ ಸರಿದಾಡಿದವು. ಮೇಲೆ ಬಂದವನೇ ಕನ್ನಡಕ ತೆಗೆದು, “ಎಲ್ಲ ವಿಡಿಯೋ ತೆಗೆದಿದ್ದೇನೆ, ಟಿವಿಯಲ್ಲಿ ನೋಡುವ” ಎಂದ.

ಅದೇ ಮಧ್ಯಾಹ್ನ ಶಾಲೆಯ ಹಾಲಿನಲ್ಲಿ ಸಭೆ. ಟಿವಿ ತಂದು ಕ್ಯಾಮೆರಾದ ವಯರು ಜೋಡಿಸಿದವನು ನಾನು. ತಮ್ಮ ಹೊಳೆಯ ತಳವನ್ನು ಊರಿನವರು ನೋಡುತ್ತಿದ್ದದ್ದು ಅದೇ ಮೊದಲು. ದೊಡ್ಡದೊಂದು ಮೀನು ಕ್ಯಾಮೆರಾದ ಮುಂದೆ ತಿರುಗಿ ಹೋದಾಗ ಹಾಲಿನಲ್ಲಿ ಚಪ್ಪಾಳೆ. ಮಹಾಬಲ ಟಿವಿಯ ಪಕ್ಕ ನಿಂತು ಒಂದು ಬೆತ್ತ ಹಿಡಿದು ಮೇಷ್ಟರಂತೆ ತೋರಿಸುತ್ತಿದ್ದ. “ಇದು ಮರಳು. ಇದು ಮರದ ಬುಡ. ಇದು ಶೆಡ್ಡಿನ ಕಂಬ.”

“ಪಂಪು?” ಎಂದರು ಈಶ್ವರಪ್ರಸಾದರು.

“ಪಂಪು ಇಲ್ಲ ಅಣ್ಣೇರೆ. ಕೆಂಪು ಪಂಪಲ್ಲವಾ? ಇದ್ದಿದ್ದರೆ ದೂರದಿಂದಲೇ ಕಾಣ್ತಿತ್ತು. ಇಡೀ ಕಯದಲ್ಲಿ ಕೆಂಪು ಅಂತ ಒಂದು ಚೂರು ಇಲ್ಲ.”

ಆಗ ಹಿಂದಿನ ಬೆಂಚಿನಿಂದ ಪ್ರೇಮಾವತಿ ಎದ್ದು ಮುಂದೆ ಬಂದಳು. “ಸ್ವಲ್ಪ ಹಿಂದೆ ಮಾಡಿ” ಎಂದಳು. ನಾನು ಟೇಪನ್ನು ಹಿಂದಕ್ಕೆ ಓಡಿಸಿದೆ. ಎರಡು ಬಂಡೆಗಳ ಸಂದಿನಲ್ಲಿ, ಕೊಂಬೆಗಳು ಸಿಕ್ಕಿಹಾಕಿಕೊಂಡ ಕಡೆ, ಕಪ್ಪಗೆ ಮೋಟಾಗಿ ಏನೋ ಒಂದು ಎರಡು ಕ್ಷಣ ಕಂಡಿತು. ಅವಳು ಗಾಜಿಗೆ ಬೆರಳಿಟ್ಟಳು.

“ಮಹಾಬಲಣ್ಣ, ಇದು ಎಂತದು?”

“ಅದು ಬಂಡೆ.”

“ಈ ಅಂಚು ನೆಟ್ಟಗೆ ಉಂಟಲ್ಲ?”

“ಬಂಡೆ ಪ್ರೇಮಕ್ಕ, ಬಂಡೆ. ಕೆಳಗೆ ಹೋಗಿ ಬಂದವ ನಾನಾ, ನೀವಾ?”

ಸಭೆ ನಕ್ಕಿತು. ನಾನೂ ನಕ್ಕೆ. ಪ್ರೇಮಾವತಿ ಗಾಜಿನಿಂದ ಬೆರಳು ತೆಗೆದು, ಸೆರಗು ಸರಿ ಮಾಡಿಕೊಂಡು, ಹಿಂದೆ ಹೋಗಿ ಕುಳಿತಳು.

ಪರಿಣಾಮ ಬೇಗನೇ ಬಂತು. ಸಮಿತಿ ಅವಳನ್ನು ಕೆಲಸದಿಂದ ತೆಗೆಯಿತು. ಠಾಣೆಗೆ ದೂರು ಹೋಯಿತು. ವಿನೀತನನ್ನು ಎರಡು ದಿನ ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಕೂರಿಸಿದರು. ಸಾಕ್ಷಿ ಇರಲಿಲ್ಲವಾದ್ದರಿಂದ ಕೇಸು ಮುಂದೆ ಹೋಗಲಿಲ್ಲ. ಆದರೆ ಅವನಿಗೆ ಕತಾರಿನಲ್ಲಿ ಡ್ರೈವರ್ ಕೆಲಸಕ್ಕೆ ವೀಸಾ ಬಂದಿತ್ತು; ದೂರು ಇರುವಾಗ ಪೊಲೀಸರ ಸರ್ಟಿಫಿಕೇಟು ಸಿಗಲಿಲ್ಲ, ವೀಸಾದ ಅವಧಿ ಮುಗಿಯಿತು. ಪ್ರೇಮಾವತಿ ಕೊಡಪಾನ ಹಿಡಿದು ನಳ್ಳಿಯ ಹತ್ತಿರ ಬಂದರೆ ಉಳಿದ ಹೆಂಗಸರ ಮಾತು ನಿಲ್ಲುತ್ತಿತ್ತಂತೆ. ಆರು ತಿಂಗಳಲ್ಲಿ ಅವಳೂ ಅವಳ ಗಂಡನೂ ಮನೆ ಬಿಟ್ಟು ಕುಂಬ್ಡಾಜೆಯ ಕಡೆ ಒಂದು ರಬ್ಬರು ತೋಟಕ್ಕೆ ಕೆಲಸಕ್ಕೆ ಹೋದರು.

ಮಹಾಬಲನಿಗೆ ಇದೆಲ್ಲ ಗೊತ್ತಿತ್ತು. ಕದ್ದವರಿಗೆ ಆಗಬೇಕಾದದ್ದೇ ಆಯಿತು ಎಂದುಕೊಂಡು ಅವನು ತನ್ನ ಪಾಡಿಗೆ ಇದ್ದ. ಅವನ ಚಿಂತೆ ಬೇರೆಯಿತ್ತು. ಮುರುಡೇಶ್ವರದಲ್ಲಿ ಪ್ರವಾಸಿಗಳನ್ನು ಮುಳುಗಿಸುವ ಒಬ್ಬರು ಅವನನ್ನು ರಜೆಯ ದಿನಗಳಲ್ಲಿ ವಿಡಿಯೋ ತೆಗೆಯಲು ಕರೆಯುತ್ತಿದ್ದರು. ಅವನ ಟೇಪಿನಲ್ಲಿ ಜನರ ಮುಖ ಹೆಣದ ಹಾಗೆ ನೀಲಿಯಾಗಿ ಬರುತ್ತಿತ್ತು. “ನಮ್ಮ ಫೋನಿನಲ್ಲೇ ಇದಕ್ಕಿಂತ ಚಂದ ಬರ್ತದೆ” ಎಂದು ಬೆಂಗಳೂರಿನ ಹುಡುಗಿಯೊಬ್ಬಳು ಮುಖಕ್ಕೆ ಹೇಳಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ.

2016ರಲ್ಲಿ ಅಂಗೈಯಗಲದ ಹೊಸ ಕ್ಯಾಮೆರಾ ತರಿಸಿದ. ಅದರ ಕಣ್ಣಿನ ಮುಂದೆ ಸಿಕ್ಕಿಸುವ ಕೆಂಪು ಗಾಜಿನ ಫಿಲ್ಟರು ಜೊತೆಗೇ ಬಂದಿತ್ತು. ಕಡಲಿನಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತು. ನೀಲಿ ಕಡಿಮೆಯಾಗಿ ಮುಖಗಳು ಮುಖಗಳ ಬಣ್ಣಕ್ಕೆ ಬಂದವು. ನಮ್ಮ ಹೊಳೆ, ಕೆರೆಗಳ ಹಸಿರು ನೀರಿಗೆ ಮಾತ್ರ ಆಗಲಿಲ್ಲ. ಅದಕ್ಕೆ ಗುಲಾಬಿ ಛಾಯೆಯ ಬೇರೆ ಗಾಜು ಬೇಕೆಂದು ಎಲ್ಲೋ ಓದಿ ಅದನ್ನೂ ತರಿಸಿದ. ಬಿಳಿಯ ತಟ್ಟೆಯೊಂದನ್ನು ಕೆಳಗೆ ಒಯ್ದು, ಕ್ಯಾಮೆರಾಕ್ಕೆ ತೋರಿಸಿ, ‘ಬಿಳಿ ಎಂದರೆ ಇದು’ ಎಂದು ಕಲಿಸುವುದನ್ನೂ ಅಭ್ಯಾಸ ಮಾಡಿದ. ಆದರೂ ಮೂರಾಳು ನೀರು ದಾಟಿದರೆ ಚಿತ್ರ ಮಂಕಾಗುತ್ತಿತ್ತು. ಕೊನೆಗೆ ದುಬೈಯಲ್ಲಿದ್ದ ಭಾವನ ಮೂಲಕ ಎರಡು ದೀಪ ತರಿಸಿದ. ಕ್ಯಾಮೆರಾದ ಎರಡು ಪಕ್ಕ ಕೈಚಾಚಿದ ಹಾಗೆ ಕೂರುವ, ನೀರೊಳಗೆ ಉರಿಯುವ ದೀಪಗಳು.

ಅವುಗಳನ್ನು ಪರೀಕ್ಷಿಸಲು ನವೆಂಬರಿನ ಒಂದು ಭಾನುವಾರ ಕಾರಡ್ಕದ ಹಳೆಯ ಮುರಕಲ್ಲಿನ ಕೋರೆಗೆ ಹೋದ. ಕಲ್ಲು ಕಡಿದು ಬಿಟ್ಟ ಆ ಹೊಂಡದಲ್ಲಿ ವರ್ಷವಿಡೀ ನೀರು. ಬಣ್ಣ ನೋಡಲು ಏನಾದರೂ ಬೇಕಲ್ಲ ಎಂದು ಹೆಂಡತಿ ತುಂಗಾಳ ಕೆಂಪು ಪ್ಲಾಸ್ಟಿಕ್ ಬಕೆಟಿಗೆ ಕಲ್ಲು ತುಂಬಿಸಿ ಕೆಳಗಿಳಿಸಿದ. ತಾನೂ ಇಳಿದ. ತಳದಲ್ಲಿ ಬಕೆಟು ಕಪ್ಪಗೆ ಕಂಡಿತು. ಕಪ್ಪಗೆ, ಮೋಟಾಗಿ, ಬಂಡೆಯ ಹಾಗೆ.

ದೀಪ ಹಾಕಿದ. ಬಕೆಟು ಭಗ್ಗೆಂದು ಕೆಂಪಾಯಿತು. ಆರಿಸಿದ, ಕಪ್ಪು. ಹಾಕಿದ, ಕೆಂಪು.

ಎಷ್ಟು ಸಲ ಹಾಗೆ ಮಾಡಿದೆನೋ ಗೊತ್ತಿಲ್ಲ, ಎಂದು ಅವನು ನನ್ನಲ್ಲಿ ಹೇಳಿದ್ದ. ಗಾಳಿ ಮುಗಿಯುತ್ತಾ ಬಂದಾಗ ಮೇಲೆ ಬಂದು ಕೋರೆಯ ಮೆಟ್ಟಿಲಿನಲ್ಲಿ ಕುಳಿತನಂತೆ. ಬಕೆಟು ಅಲ್ಲೇ ಉಳಿಯಿತು.

ಮರುದಿನ ಅವನು ಸ್ಟುಡಿಯೋಗೆ ಬಂದ. “ಅಡೂರಿನ ಆ ಟೇಪು ನಿಮ್ಮಲ್ಲಿ ಉಂಟಾ ಭಟ್ರೇ?” ಎಂದಷ್ಟೇ ಕೇಳಿದ. ಸಿಡಿಗೆ ಹಾಕಿ ಇಟ್ಟಿದ್ದೆ. ಇಬ್ಬರೂ ನೋಡಿದೆವು. ಆ ಎರಡು ಕ್ಷಣ ಬಂದಾಗ ಅವನು ನಿಲ್ಲಿಸಲು ಹೇಳಿದ. ನೆಟ್ಟಗಿನ ಅಂಚು. ಅದರ ಮೇಲೆ ಗುಂಡಗಿನದೊಂದು ಉಬ್ಬು, ಡೀಸೆಲ್ ಟ್ಯಾಂಕಿನಷ್ಟು. ಒಮ್ಮೆ ಹಾಗೆಂದು ತಿಳಿದ ಮೇಲೆ ಅದನ್ನು ಬಂಡೆಯೆಂದು ನೋಡಲು ನನಗೂ ಸಾಧ್ಯವಾಗಲಿಲ್ಲ.

“ನೀರಿನಡಿಯಲ್ಲಿ ಕೆಂಪು ಹೋಗ್ತದೆ ಅಂತ ನಿಮಗೆ ಮೊದಲು ಗೊತ್ತಿರಲಿಲ್ಲ ಅಲ್ವಾ?” ಎಂದೆ. ಅವನಿಗೊಂದು ದಾರಿ ಮಾಡಿಕೊಡುವ ಆಸೆಯಿಂದ ಕೇಳಿದ್ದು.

ಅವನು ಪರದೆಯ ಮೇಲೆ ಆ ಅಂಚಿನುದ್ದಕ್ಕೂ ಬೆರಳು ಎಳೆದ. ಆಮೇಲೆ, “ರಮೋನ್ ಮೊದಲ ವಾರವೇ ಹೇಳಿಕೊಟ್ಟದ್ದು. ಕೆಳಗೆ ಹೋದ ಹಾಗೆ ಮೊದಲು ಸಾಯುವುದು ಕೆಂಪು ಅಂತ. ಅಲ್ಲಿ ಕೈಗೆ ಗಾಯವಾದರೆ ರಕ್ತ ಹಸಿರು ಕಾಣ್ತದೆ ಭಟ್ರೇ, ನಾನೇ ನೋಡಿದ್ದೇನೆ. ಆ ದಿನ ಸಭೆಯಲ್ಲಿ ಅದು ನನ್ನ ತಲೆಗೆ ಬರಲಿಲ್ಲ. ಬರಲಿಲ್ಲವೋ, ಬಂದದ್ದನ್ನು ನಾನು ಬಿಟ್ಟೆನೋ” ಎಂದ.

ಇನ್ನೂ ಒಂದು ಇತ್ತು. ಅದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಮಸ್ಕತ್ತಿನಲ್ಲಿ ಒಮ್ಮೆ ಅವನು ಕಡಲ ತಳದಲ್ಲಿ ಹರಿದ ಮೀನಿನ ಬಲೆಯೊಂದರಲ್ಲಿ ಸಿಕ್ಕಿಕೊಂಡಿದ್ದ. ರಮೋನ್ ಬಂದು ಕತ್ತರಿಸಿ ಬಿಡಿಸದಿದ್ದರೆ ಬದುಕುತ್ತಿರಲಿಲ್ಲ. ಆಮೇಲೆ ನೀರೊಳಗೆ ಕೊಂಬೆ, ಬಳ್ಳಿ, ಹಗ್ಗ ಯಾವುದನ್ನು ಕಂಡರೂ ಅವನ ಕಾಲು ಮುಂದೆ ಹೋಗುತ್ತಿರಲಿಲ್ಲ. ಅಡೂರಿನ ಕಯದಲ್ಲಿ ಆ ಎರಡು ಬಂಡೆಗಳ ಮುಂದೆ ಕೊಂಬೆಗಳ ರಾಶಿಯಿತ್ತು. ಅವನು ಎರಡು ಮಾರು ದೂರದಲ್ಲೇ ನಿಂತು ಕ್ಯಾಮೆರಾ ತೋರಿಸಿ ತಿರುಗಿದ್ದ. ನೂರು ಜನರ ಮುಂದೆ ಹೆದರಿಕೆ ಆಯಿತು ಎಂದು ಹೇಳುವುದಕ್ಕಿಂತ ಬಂಡೆ ಎನ್ನುವುದು ಸುಲಭವಿತ್ತು.

ಗೊತ್ತಾದ ಕೂಡಲೇ ಅವನು ಹೋಗಿ ಹೇಳಿದ ಎಂದು ಬರೆಯಲು ನನಗೂ ಇಷ್ಟ. ಆದರೆ ಅವನು ಹೋಗಲಿಲ್ಲ. ನಾಲ್ಕು ತಿಂಗಳು ಸುಮ್ಮನಿದ್ದ. ಅಡೂರಿನ ಬಸ್ಸು ಕಂಡರೆ ಅಂಗಡಿಯೊಳಗೆ ಸರಿಯುತ್ತಿದ್ದ. ನಾನೂ ಸುಮ್ಮನಿದ್ದೆ; ಅದು ಅವನ ವಿಷಯ ಎಂದು ನನಗೆ ನಾನೇ ಹೇಳಿಕೊಂಡೆ. ಕೊನೆಗೆ ಅವನ ಬಾಯಿ ಬಿಡಿಸಿದವಳು ತುಂಗಾ. ಊಟ ಸೇರದೆ, ಮಾತಿಲ್ಲದೆ ತಿರುಗುತ್ತಿದ್ದವನನ್ನು ಒಂದು ಮಧ್ಯಾಹ್ನ ಎದುರಿಗೆ ಕೂರಿಸಿ ಕೇಳಿದಳು. ಎಲ್ಲ ಕೇಳಿದ ಮೇಲೆ ಬೈಯಲಿಲ್ಲ. “ಹಾಗಾದರೆ ನಾಳೆಯೇ ಹೋಗುವ. ಹಗ್ಗ ನಾನು ಹಿಡಿದುಕೊಳ್ತೇನೆ” ಎಂದಳು.

2017ರ ಮಾರ್ಚ್. ಆ ವರ್ಷ ಹೊಳೆ ಬೇಗ ಬತ್ತಿತ್ತು, ಕಯದಲ್ಲಿ ಮಾತ್ರ ನೀರಿತ್ತು. ಮಹಾಬಲ ಮೊದಲು ಈಶ್ವರಪ್ರಸಾದರ ಮನೆಗೆ ಹೋದ. ಜಗಲಿಯ ಕುರ್ಚಿ ತೋರಿಸಿದರೆ ಕೂರಲಿಲ್ಲ. ನಿಂತೇ ಹೇಳಿದ.

ಈಶ್ವರಪ್ರಸಾದರು ಕನ್ನಡಕ ತೆಗೆದು ಒರೆಸಿದರು. “ಹಳೆ ಕತೆ ಮಾರಾಯ. ಹೊಸ ಪಂಪು ಬಂದು ಯಾವ ಕಾಲ ಆಯ್ತು. ಅವಳೂ ಊರು ಬಿಟ್ಟಳು. ಈಗ ಕೆದಕಿದರೆ ಎಲ್ಲರ ಮುಖಕ್ಕೂ ಮಸಿ” ಎಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ, “ನಿಜವಾಗಿ ಉಂಟೋ ಇಲ್ಲವೋ, ಅದನ್ನಾದರೂ ಮೊದಲು ನೋಡು” ಎಂದರು.

ಸೊಂಟಕ್ಕೆ ಹಗ್ಗ ಕಟ್ಟಿ, ತುದಿಯನ್ನು ತುಂಗಾಳ ಕೈಗೆ ಕೊಟ್ಟು ಇಳಿದ. ಈ ಸಲ ಬದಿಯಲ್ಲಿ ಈಶ್ವರಪ್ರಸಾದರು ಮತ್ತು ನಾನು, ಅಷ್ಟೇ. ಕೊಂಬೆಗಳು ಕೊಳೆತು ಕಡಿಮೆಯಾಗಿದ್ದವು, ಆದರೆ ಇದ್ದವು. ಒಂದೊಂದನ್ನೇ ಕತ್ತಿಯಿಂದ ಕಡಿದು ಬದಿಗೆ ಸರಿಸುವಾಗ ತನ್ನನ್ನು ಮೇಲೆ ಎಳೆದುಕೊಳ್ಳಲಿ ಎಂದು ಎರಡು ಸಲ ಹಗ್ಗ ಜಗ್ಗಬೇಕೆಂದಾಯಿತಂತೆ. ಅರ್ಧ ಮರಳಲ್ಲಿ ಹೂತಿದ್ದ ಅದರ ಮೇಲೆ ಅಂಗೈ ಇಟ್ಟು ಕೆಸರು ಉಜ್ಜಿದ. ದೀಪ ಹಿಡಿದ. ಕೆಂಪು. ಇನ್ನಷ್ಟು ಉಜ್ಜಿದಾಗ ಕಂಪೆನಿಯ ಹಿತ್ತಾಳೆಯ ತಗಡು, ಅದರ ಮೇಲೆ ನಂಬರು. ಎಲ್ಲವೂ ಹೊಸ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಬಂತು. ಅಷ್ಟು ಚಂದದ ಬಣ್ಣ ಅವನು ಅದುವರೆಗೆ ತೆಗೆದ ಯಾವ ಚಿತ್ರದಲ್ಲೂ ಇರಲಿಲ್ಲ.

ಎರಡು ದಿನದ ಮೇಲೆ ಊರಿನ ಯುವಕರು ಕಪ್ಪಿ ಹಗ್ಗ ಕಟ್ಟಿ ಪಂಪನ್ನು ಎಳೆದು ತಂದರು. ನಂಬರು ಸಮಿತಿಯ ದಾಖಲೆಯಲ್ಲಿದ್ದುದೇ. ನೋಡಲು ಬಂದ ಜನ ಮಹಾಬಲನ ಬೆನ್ನು ತಟ್ಟಿದರು. “ಐದು ವರ್ಷ ಆದ ಮೇಲೂ ಹುಡುಕಿ ತೆಗೆದನಲ್ಲ!” ಎಂದು ಹೊಗಳಿದರು. ಅವನು ಅಲ್ಲಿಂದ ಹೇಗೆ ತಪ್ಪಿಸಿಕೊಂಡು ಹೋದನೆಂದು ಯಾರಿಗೂ ತಿಳಿಯಲಿಲ್ಲ.

ಕುಂಬ್ಡಾಜೆಗೆ ಅವನು ಒಬ್ಬನೇ ಹೋದ. ರಬ್ಬರು ತೋಟದ ನಡುವೆ, ಹೆಪ್ಪುಗಟ್ಟಿದ ರಬ್ಬರು ಹಾಲನ್ನು ಶೀಟಾಗಿ ಒತ್ತುವ ಮೆಷಿನಿನ ಮಾಡು. ಪ್ರೇಮಾವತಿ ಒಂದು ಕೈಯಲ್ಲಿ ಹಿಡಿಕೆ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಬಿಳಿಯ ಶೀಟನ್ನು ರೋಲರಿಗೆ ಕೊಡುತ್ತಿದ್ದಳು. ಅವನನ್ನು ಕಂಡು ಕೆಲಸ ನಿಲ್ಲಿಸಲಿಲ್ಲ. ಆ ಶೀಟು ಪೂರ್ತಿ ಹೊರಬಂದ ಮೇಲೆ ಕೈ ತೊಳೆದು ಬಂದಳು. ಅವನು ಫೋನು ತೆಗೆದು ವಿಡಿಯೋ ಹಾಕಿ ಮುಂದೆ ಹಿಡಿದ.

ಅವಳು ನೋಡಲಿಲ್ಲ. “ಅದು ಅಲ್ಲಿ ಉಂಟು ಅಂತ ನನಗೆ ಗೊತ್ತಿತ್ತಲ್ಲ. ನನಗೆ ಎಂತಕ್ಕೆ ತೋರಿಸುವುದು?” ಎಂದಳು.

“ನೀರಿನಡಿ ಕೆಂಪು ಬಣ್ಣ ಕಪ್ಪು ಕಾಣ್ತದೆ ಪ್ರೇಮಕ್ಕ. ಆಗ ನನ್ನತ್ರ ದೀಪ ಇರಲಿಲ್ಲ. ಆ ಹಳೆ ಕ್ಯಾಮೆರಾದಲ್ಲಿ...”

“ಮಹಾಬಲಣ್ಣ, ಅದು ಬಣ್ಣದ ವಿಷಯ. ಅದು ನನಗೆ ತಿಳಿಯುವುದಿಲ್ಲ. ನೀವು ಆ ದಿನ ಹತ್ತಿರ ಹೋಗಿ ಮುಟ್ಟಿ ನೋಡಿದ್ದೀರಾ?”

“ಇಲ್ಲ.”

“ಮತ್ತೆ ಬಂಡೆ ಅಂತ ಯಾಕೆ ಹೇಳಿದ್ದು?”

ಅವನಲ್ಲಿ ಉತ್ತರವಿತ್ತು. ಬಲೆಯ ಕತೆ, ಹೆದರಿಕೆ, ಕೊಂಬೆಗಳು. ದಾರಿಯಲ್ಲಿ ಬರುವಾಗ ಎಲ್ಲ ಜೋಡಿಸಿಕೊಂಡಿದ್ದ. ಅವಳ ಮುಂದೆ ಅದೆಲ್ಲ ತನ್ನನ್ನು ತಾನು ಮುದ್ದು ಮಾಡಿಕೊಂಡ ಹಾಗೆ ಕಂಡಿತು. “ಹೆದರಿಕೆ ಆಗಿತ್ತು. ಅದನ್ನು ಹೇಳಲಿಕ್ಕೆ ನಾಚಿಕೆ ಆಯ್ತು” ಎಂದಷ್ಟೇ ಹೇಳಿದ.

ಪ್ರೇಮಾವತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ನಿಮಗೆ ಒಂದು ಗಳಿಗೆಯ ನಾಚಿಕೆ. ನನ್ನ ತಮ್ಮನನ್ನು ಠಾಣೆಯ ಬೆಂಚಿನಲ್ಲಿ ಕೂರಿಸಿದ್ದನ್ನು ನಮ್ಮ ಅಮ್ಮ ಬಸ್ಸಿನಿಂದ ನೋಡಿದರು. ಆಮೇಲೆ ಅವರು ಆ ದಾರಿಯಲ್ಲಿ ಮುಳ್ಳೇರಿಯಾಕ್ಕೆ ಹೋಗಲೇ ಇಲ್ಲ. ಹೋಗದೇ ತೀರಿಹೋದರು” ಎಂದಳು. ದನಿ ಏರಲಿಲ್ಲ.

ಅವನು ಕೈ ಮುಗಿಯಲು ಹೋದ. ಅವಳು ತಡೆದಳು. “ಅದೆಲ್ಲ ಇಲ್ಲಿ ಬೇಡ. ಆ ದಿನ ಎಲ್ಲಿ ಹೇಳಿದ್ದೀರೋ ಅಲ್ಲಿಯೇ ಹೋಗಿ ಹೇಳಿ. ಅದೇ ಹಾಲಿನಲ್ಲಿ, ಜನ ಸೇರಿದಾಗ. ನಾನು ಬರುವುದಿಲ್ಲ. ಹೇಳಿದ್ದನ್ನು ಬರೆಸಿ ಸೀಲು ಹಾಕಿಸಿ ನನಗೆ ಕಳಿಸಿ, ಅಷ್ಟು ಸಾಕು.” ಹಾಗೆಂದು ಮುಂದಿನ ಶೀಟನ್ನು ಎತ್ತಿಕೊಂಡಳು.

ಗ್ರಾಮಸಭೆ ಮೇ ತಿಂಗಳಲ್ಲಿ. ಅದೇ ಶಾಲೆಯ ಹಾಲು. ಬೀದಿದೀಪ, ಪೆನ್ಶನ್, ರಸ್ತೆಯ ಮಾತು ಮುಗಿದ ಮೇಲೆ ಈಶ್ವರಪ್ರಸಾದರು ಎದ್ದು, ಹಳೆಯ ಪಂಪು ಸಿಕ್ಕಿರುವ ಬಗ್ಗೆ ಮಹಾಬಲ ಎರಡು ಮಾತು ಹೇಳುತ್ತಾನೆ ಎಂದರು. ಅದಕ್ಕೆ ಮುಂಚೆ ಹೊರಗೆ ಅವನನ್ನು ಬದಿಗೆ ಕರೆದು, “ನಿರ್ಣಯದಲ್ಲಿ ಕ್ಯಾಮೆರಾದ ದೋಷ ಅಂತ ಬರೆಯುವ. ನಿನಗೂ ಮರ್ಯಾದೆ, ನಮಗೂ ಮರ್ಯಾದೆ” ಎಂದಿದ್ದರು. ಇವನು ಹೂಂ ಎಂದಿರಲಿಲ್ಲ, ಉಹೂಂ ಎಂದೂ ಇರಲಿಲ್ಲ.

ಮೈಕು ಹಿಡಿದವನು ಮುಳುಗುವ ಮೊದಲಿನ ಹಾಗೆ ಉದ್ದಕ್ಕೆ ಉಸಿರೆಳೆದುಕೊಂಡ. ಯಾರೋ, “ಗಾಳಿ ಕಟ್ಟಿತಾ ಮಹಾಬಲಣ್ಣ?” ಎಂದರು, ನಗು ಎದ್ದಿತು. ಅವನು ಅದು ಇಳಿಯುವವರೆಗೆ ಕಾದ.

“ಪಂಪು ನಾನು ಹುಡುಕಿದ್ದಲ್ಲ. ಐದು ವರ್ಷ ಮೊದಲು ಇದೇ ಜಾಗದಲ್ಲಿ ಪ್ರೇಮಕ್ಕ ಬೆರಳಿಟ್ಟು ತೋರಿಸಿದ್ದರು. ನಾನು ಬಂಡೆ ಅಂತ ಹೇಳಿದೆ. ನಾನು ಅದರ ಹತ್ತಿರ ಹೋಗಿರಲಿಲ್ಲ. ಕೊಂಬೆ ಕಂಡು ಹೆದರಿ ಹಿಂದೆ ಬಂದವ ನಾನು. ನೀರಿನೊಳಗೆ ಕೆಂಪು ಕಪ್ಪಾಗ್ತದೆ ಅಂತ ನನಗೆ ಕಲಿಸಿಕೊಟ್ಟವರಿದ್ದರು. ಕ್ಯಾಮೆರಾದ ದೋಷ ಅಲ್ಲ. ಹಳೆ ಕ್ಯಾಮೆರಾದಲ್ಲೂ ಅದು ಕಂಡಿದೆ. ಪ್ರೇಮಕ್ಕ ಕದ್ದದ್ದಲ್ಲ, ವಿನೀತ ಕದ್ದದ್ದಲ್ಲ. ಸುಳ್ಳು ಹೇಳಿದ್ದು ನಾನು.”

ಈ ಸಲ ಯಾರೂ ನಗಲಿಲ್ಲ. ಹೆಂಗಸರ ಬದಿಯಿಂದ ಒಬ್ಬಳು, ನಳ್ಳಿಯ ಹತ್ತಿರ ತಾನು ಪ್ರೇಮಾವತಿಯ ಕೊಡಪಾನವನ್ನು ಸರಿಸಿದ್ದನ್ನು ಹೇಳಿ ಕಣ್ಣು ಒರೆಸಿಕೊಂಡಳು. ಹಿಂದಿನಿಂದ ಒಬ್ಬರು, ಈಗ ಹೇಳಿ ಎಂತ ಪ್ರಯೋಜನ ಎಂದು ಗಟ್ಟಿಯಾಗಿಯೇ ಕೇಳಿದರು. ಆ ದಿನ ಟಿವಿ ಜೋಡಿಸಿ, ಟೇಪು ಹಿಂದೆ ಓಡಿಸಿ, ನಕ್ಕಿದ್ದ ನಾನೂ ಅಲ್ಲಿ ಗೋಡೆಗೆ ಒರಗಿ ನಿಂತಿದ್ದೆ. ಮುಂದೆ ಬಂದು ಅದನ್ನು ಹೇಳಲು ನನಗಾಗಲಿಲ್ಲ. ಇದನ್ನು ಈಗ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಎರಡೂ ಭಾಷೆ ನಡೆಯುವ ಊರಾದ್ದರಿಂದ ನಿರ್ಣಯವನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆಸಿ, ಸೀಲು ಹಾಕಿಸಿ, ಈಶ್ವರಪ್ರಸಾದರೇ ಕುಂಬ್ಡಾಜೆಗೆ ಒಯ್ದು ಕೊಟ್ಟರು. ಠಾಣೆಯ ದೂರನ್ನೂ ಹಿಂದೆ ತೆಗೆದುಕೊಂಡರು. ಪಂಪಿನ ಕೆಲಸದಲ್ಲಿ ಆಗಲೇ ಬೇರೊಬ್ಬಳಿದ್ದಳು. ಅವಳನ್ನು ತೆಗೆದು ತನಗೆ ಕೊಡುವುದು ಬೇಡ ಎಂದು ಪ್ರೇಮಾವತಿಯೇ ಹೇಳಿದಳಂತೆ. ವಿನೀತನಿಗೆ ಮತ್ತೆ ವೀಸಾ ಬರಲಿಲ್ಲ. ಅವನು ಬದಿಯಡ್ಕದಲ್ಲಿ ಅದೇ ಪಿಕಪ್ ಓಡಿಸಿಕೊಂಡಿದ್ದಾನೆ. ಕಾಗದವನ್ನು ಲ್ಯಾಮಿನೇಷನ್ ಮಾಡಿಸಿ ಗಾಡಿಯಲ್ಲೇ ಇಟ್ಟುಕೊಂಡಿದ್ದಾನೆ ಎಂದು ಕೇಳಿದ್ದೇನೆ.

ಮಹಾಬಲ ಮುಳುಗುವುದನ್ನು ಬಿಡಲಿಲ್ಲ. ಅದು ಬಿಟ್ಟರೆ ಅವನಿಗೆ ಬೇರೆ ಗೊತ್ತಿಲ್ಲ. ಮುರುಡೇಶ್ವರದಲ್ಲಿ ಅವನು ತೆಗೆದ ವಿಡಿಯೋಗಳಿಗೆ ಈಗ ಒಳ್ಳೆಯ ಹೆಸರಿದೆ, ಹವಳ ಹವಳದ ಬಣ್ಣದಲ್ಲೇ ಬರುತ್ತದೆ. ಊರಿನಲ್ಲಿ ಮಾತ್ರ ಯಾರಾದರೂ ಕರೆದರೆ, ನೋಡಿ ಬಂದ ಮೇಲೆ, “ಇಷ್ಟು ಮುಟ್ಟಿದ್ದೇನೆ, ಇಷ್ಟು ಮುಟ್ಟಿಲ್ಲ” ಎಂದು ಬೇರೆ ಬೇರೆಯಾಗಿ ಹೇಳುತ್ತಾನೆ. ಕೆಲವರಿಗೆ ಅದು ಸರಿ ಕಾಣುವುದಿಲ್ಲ. ಮೊದಲಿನ ಹಾಗೆ ಖಡಾಖಂಡಿತ ಹೇಳುವುದಿಲ್ಲ, ವಯಸ್ಸಾಯಿತು ಎನ್ನುತ್ತಾರೆ.

ಕಳೆದ ವರ್ಷ, 2018ರ ಡಿಸೆಂಬರಿನಲ್ಲಿ, ಅವನು ಮುಳ್ಳೇರಿಯಾದಲ್ಲಿ ಬಸ್ಸು ಹತ್ತಿದಾಗ ಒಳಗೆ ಪ್ರೇಮಾವತಿ ಕುಳಿತಿದ್ದಳು. ಪಕ್ಕದ ಸೀಟು ಖಾಲಿಯಿತ್ತು. ಅವಳು ಕಂಡು, ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಜಾಗ ಮಾಡಿದಳು.

“ಕೂತುಕೊಳ್ಳಿ.”

“ಬೇಡ ಪ್ರೇಮಕ್ಕ, ಹತ್ತಿರವೇ ಇಳಿಯುವುದು.”

ಅವಳು ಮತ್ತೆ ಒತ್ತಾಯಿಸಲಿಲ್ಲ, ಕಿಟಕಿಯ ಕಡೆ ತಿರುಗಿದಳು. ಅವನು ಇಳಿಯಬೇಕಾದದ್ದು ಬೋವಿಕ್ಕಾನದಲ್ಲಿ, ಅದು ಅಷ್ಟು ಹತ್ತಿರವಲ್ಲ. ಅಲ್ಲಿಯವರೆಗೂ ಮೇಲಿನ ಸರಳು ಹಿಡಿದು, ಆ ಖಾಲಿ ಸೀಟಿನ ಪಕ್ಕದಲ್ಲೇ ನಿಂತು ಹೋದನಂತೆ.